ಕೋಣೆ ಮೊದಲೋ, ಪೀಠೋಪಕರಣ ಮೊದಲೋ

ಮಾವ: ಅಂಗಡಿಯ ಆಡಳಿತವನ್ನು ನಿನ್ನ ಕೈಗೆ ಒಪ್ಪಿಸಿದ ತರುವಾಯ ಅದರ ವಿಚಾರದಲ್ಲಿ ಅಡ್ಡ ಬಾಯಿ ಹಾಕಬಾರದೆಂದು ಸಂಕಲ್ಪ ಮಾಡಿಕೊಂಡವನು ನಾನು. ಆದರೂ ಕೇಳದೆ ಇರಲಾರೆ, ತಾಯಿ. ಎಂಟು ಜನ ಕೂಡುವ ಊಟದ ಮೇಜನ್ನೇ ಕೊಳ್ಳಬೇಕೆಂದು ನಿಶ್ಚಯಿಸಿ, ಮುಂಗಡದ ಹಣವನ್ನೂ ಹಿಡಿದುಕೊಂಡು ಬಂದಿದ್ದ ಆ ಗೃಹಸ್ಥರಿಂದ ಮನೆಯ ನಕ್ಷೆಯನ್ನು ತರಿಸಿಕೊಂಡು, ಅದನ್ನು ನೋಡಿದ ಮೇಲೆ ಆ ಮೇಜು ತಮಗೆ ಬೇಡವೆಂದು ಹೇಳಿ ಕಳುಹಿಸಿದೆಯಂತೆ. ಮೂರು ತಲೆಮಾರಿನಿಂದ ನಡೆದುಬಂದ ಈ ವ್ಯಾಪಾರದಲ್ಲಿ ಕೊಳ್ಳಲು ಬಂದವರಿಗೆ ಕೊಳ್ಳಬೇಡಿರೆಂದು ಹೇಳಿದವರು ಇದುವರೆಗೆ ಯಾರೂ ಇರಲಿಲ್ಲ.

ಸೊಸೆ: ಆ ಮೇಜು ಮೂರೂವರೆ ಅಡಿ ಅಗಲದ್ದು, ಮಾವನವರೇ. ಕುಳಿತವರು ಕುರ್ಚಿಯನ್ನು ಹಿಂದಕ್ಕೆ ಸರಿಸಿ ಏಳುವುದಕ್ಕೆ ಒಂದೊಂದು ಪಾರ್ಶ್ವದಲ್ಲಿಯೂ 3 ಅಡಿಯ ಸ್ಥಳವಾದರೂ ಬೇಕು. ಅಲ್ಲಿಗೆ 9.5 ಅಡಿ ಆಯಿತು. ಅವರ ಕೋಣೆಯ ಅಗಲ 9 ಅಡಿ. ಮಾರಿದ್ದರೆ ಮನೆಗೆ ಬಂದ ನೆಂಟರು ಗೋಡೆಗೂ ಕುರ್ಚಿಗೂ ನಡುವೆ ಸಿಕ್ಕಿಕೊಂಡು ಊಟ ಮಾಡಬೇಕಾಗುತ್ತಿತ್ತು, ಬಡಿಸುವವರಿಗೆ ಹಾದುಹೋಗಲು ದಾರಿಯಿರುತ್ತಿರಲಿಲ್ಲ.

ಮಾವ: ಮನೆ ಅವರದು, ಹಣ ಅವರದು, ಇಚ್ಛೆಯೂ ಅವರದು. ಮರ ಚೆನ್ನಾಗಿ ಒಣಗಿದೆಯೇ, ಜೋಡಣೆ ಭದ್ರವಾಗಿದೆಯೇ, ಬೆಲೆ ನ್ಯಾಯವಾದದ್ದೇ ಎಂಬ ಈ ಮೂರಕ್ಕೆ ವರ್ತಕನು ಹೊಣೆ. ಅದರಿಂದಾಚೆಗೆ ಅವನ ಧರ್ಮ ಹೋಗುವುದಿಲ್ಲ. ನೀನು ಓದಿದ ಒಳಾಂಗಣ ವಿನ್ಯಾಸದ ವಿದ್ಯೆಯಲ್ಲಿ ನನಗೆ ಗೌರವವಿದೆ. ಆದರೆ ಆ ವಿದ್ಯೆ ಸಲಹೆ ಕೊಡತಕ್ಕದ್ದು, ನಮ್ಮ ಅಂಗಡಿ ಸರಕನ್ನು ಮಾರತಕ್ಕದ್ದು. ಎರಡನ್ನೂ ಒಬ್ಬರೇ ಕೈಗೊಂಡರೆ ಒಂದು ಇನ್ನೊಂದನ್ನು ಕೆಡಿಸದೆ ಬಿಡುವುದಿಲ್ಲ. ಒಂದೋ ಸಲಹೆಯು ಮಾರಾಟದ ಆಮಿಷವಾಗುತ್ತದೆ, ಇಲ್ಲವೇ ಈಗ ಆದಂತೆ ಸಲಹೆಯಿಂದ ಮಾರಾಟವೇ ನಿಂತುಹೋಗುತ್ತದೆ.

ಸೊಸೆ: ತಾವು ಈಗ ಹೇಳಿದ್ದೇ ಈ ವೃತ್ತಿಯ ನಿಜವಾದ ಕಷ್ಟ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎರಡನ್ನೂ ಒಬ್ಬರೇ ಕೈಗೊಂಡು ಇಪ್ಪತ್ತೆರಡು ವರ್ಷ ನಿರ್ವಹಿಸಿದ ಒಬ್ಬ ಮಹಿಳೆಯ ಚರಿತ್ರೆಯನ್ನು ವಿದ್ಯಾರ್ಥಿನಿಯಾಗಿದ್ದಾಗಿನಿಂದಲೂ ಓದುತ್ತ ಬಂದಿದ್ದೇನೆ. ಈ ಮನೆಗೆ ಸೊಸೆಯಾಗಿ ಬಂದ ಮೇಲಂತೂ ಅದು ನನಗೆ ಇನ್ನೂ ಹತ್ತಿರದ್ದಾಗಿದೆ. ಆಕೆಯೂ ಪೀಠೋಪಕರಣದ ಮನೆತನಕ್ಕೆ ಸೇರಿದ್ದು ಮದುವೆಯಿಂದಲೇ. ಅಮೆರಿಕದ ಫ್ಲಾರೆನ್ಸ್ ನೋಲ್.

ಮಾವ: ಹೆಸರನ್ನು ಕೇಳಿದ್ದೇನೆ. ನೀನು ಅಂಗಡಿಯಲ್ಲಿಟ್ಟಿರುವ ಆ ದೊಡ್ಡ ಪುಸ್ತಕದಲ್ಲಿ ಆಕೆಯ ಸೋಫಾದ ಚಿತ್ರವಿದೆ. ಮನೆತನ ಎಂದೆಯಲ್ಲ, ಅದು ಎಂತಹ ಮನೆತನ?

ಸೊಸೆ: ಜರ್ಮನಿಯ ಸ್ಟುಟ್‌ಗಾರ್ಟಿನದು. ವಿಲ್‌ಹೆಲ್ಮ್ ನೋಲ್ ಎಂಬವರು 1865ರಲ್ಲಿ ಚರ್ಮದ ವ್ಯಾಪಾರ ಆರಂಭಿಸಿದರು. ಅವರ ಮಗ ವಾಲ್ಟರ್ ನೋಲ್ 1925ರಲ್ಲಿ ಮೆತ್ತೆಯ ಆಸನಗಳನ್ನು ಮಾಡುವ ಸ್ವಂತ ಕಾರ್ಖಾನೆಯನ್ನು ಸ್ಥಾಪಿಸಿದರು. ವಾಲ್ಟರರ ಮಗ ಹಾನ್ಸ್ 1937ರಲ್ಲಿ ನ್ಯೂಯಾರ್ಕಿಗೆ ಹೋಗಿ ಮರುವರ್ಷವೇ ಅಲ್ಲಿ ತನ್ನ ಹೆಸರಿನ ಕಂಪನಿಯನ್ನು ತೆರೆದರು. ಇಲ್ಲಿ ನಮ್ಮ ಬೆಂಗಳೂರಿನಲ್ಲಿ ಮರದ ಗುಣಗಳನ್ನು ಪರೀಕ್ಷಿಸುವ ಅರಣ್ಯ ಸಂಶೋಧನಾ ಪ್ರಯೋಗಾಲಯ ಆರಂಭವಾದದ್ದೂ ಅದೇ 1938ರಲ್ಲಿ.

ಮಾವ: ಮಲ್ಲೇಶ್ವರದ ಆ ಸಂಸ್ಥೆಯನ್ನು ನಾನು ಬಲ್ಲೆ. ನನ್ನ ತಂದೆಯವರು ಮರವನ್ನು ಹದಗೊಳಿಸುವ ವಿಚಾರದಲ್ಲಿ ಸಂದೇಹ ಬಂದಾಗಲೆಲ್ಲ ಅಲ್ಲಿಯವರನ್ನು ಕೇಳಿ ಬರುತ್ತಿದ್ದರು. ಇರಲಿ, ನಿನ್ನ ಆ ಮಹಿಳೆಯ ಮಾತಿಗೆ ಬಾ.

ಸೊಸೆ: ಹುಟ್ಟಿದ್ದು 1917ರಲ್ಲಿ, ಮಿಷಿಗನ್ ಸಂಸ್ಥಾನದ ಸ್ಯಾಗಿನಾ ಎಂಬ ಊರಿನಲ್ಲಿ, ಫ್ಲಾರೆನ್ಸ್ ಶುಸ್ಟ್ ಎಂಬ ಹೆಸರಿನಿಂದ. ಬಾಲ್ಯದಲ್ಲಿಯೇ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ ಆ ಹುಡುಗಿಯನ್ನು ಪೋಷಕರು ಕ್ರಾನ್‌ಬ್ರೂಕ್‌ನಲ್ಲಿದ್ದ ಹೆಣ್ಣುಮಕ್ಕಳ ವಸತಿಶಾಲೆಗೆ ಸೇರಿಸಿದರು. ಆ ಶಾಲೆಯ ಕಟ್ಟಡವನ್ನು ರಚಿಸಿದವರು ಫಿನ್ಲೆಂಡಿನಿಂದ ಬಂದು ನೆಲೆಸಿದ್ದ ಎಲಿಯೆಲ್ ಸಾರಿನೆನ್ ಎಂಬ ಶಿಲ್ಪಶಾಸ್ತ್ರಜ್ಞರು. ಅಲ್ಲಿನ ನೆಲಗಂಬಳಿ, ಪರದೆಗಳನ್ನು ನೇಯಿಸಿದವರು ಅವರ ಪತ್ನಿ ಲೋಯಾ. ಗೋಡೆಯಿಂದ ಹಿಡಿದು ಊಟದ ಕುರ್ಚಿಯವರೆಗೆ, ಕುರ್ಚಿಯಿಂದ ಹಿಡಿದು ಅದರ ಮೇಲಿನ ಬಟ್ಟೆಯವರೆಗೆ ಸಮಸ್ತವೂ ಒಂದೇ ಚಿಂತನೆಯಿಂದ ಮೂಡಿದ್ದ ಆ ಪರಿಸರದಲ್ಲಿ, ಮನೆಯೇ ಇಲ್ಲದ ಆ ಬಾಲಕಿ, ಮನೆ ಎಂದರೇನೆಂಬುದನ್ನು ಕಲಿತಳು. ಸಾರಿನೆನ್ ದಂಪತಿಗಳು ಆಕೆಯನ್ನು ಮಗಳಂತೆ ಕಂಡು ಬೇಸಗೆಯಲ್ಲಿ ಫಿನ್ಲೆಂಡಿಗೂ ಕರೆದೊಯ್ಯುತ್ತಿದ್ದರು. ಅವರ ಮಗ ಏರೋ ಆಕೆಗೆ ಜೀವಮಾನದ ಮಿತ್ರನಾದನು. ಆಮೇಲೆ ಲಂಡನ್ನಿನಲ್ಲಿ ಓದಿದರು. ಯುದ್ಧ ಬಂದಾಗ ಸ್ವದೇಶಕ್ಕೆ ಮರಳಿ, ಷಿಕಾಗೋವಿನಲ್ಲಿ ಮೀಸ್ ವ್ಯಾನ್ ಡೆರ್ ರೋಹೆಯವರ ಬಳಿ ವಾಸ್ತುಶಿಲ್ಪವನ್ನು ಅಭ್ಯಸಿಸಿ 1941ರಲ್ಲಿ ಪದವಿಯನ್ನು ಪಡೆದರು.

ಮಾವ: ಹಾಗಾದರೆ ಆಕೆ ಮೂಲತಃ ಕಟ್ಟಡಗಳನ್ನು ಕಟ್ಟಬೇಕಾದವರು.

ಸೊಸೆ: ಅಹುದು. ಆದರೆ ನ್ಯೂಯಾರ್ಕಿನಲ್ಲಿ ಆಕೆ ಸೇರಿದ ವಾಸ್ತುಶಿಲ್ಪಿಗಳ ಕಚೇರಿಯಲ್ಲಿ, ಹೆಂಗಸೆಂಬ ಕಾರಣದಿಂದಲೇ ಒಳಾಂಗಣದ ಕೆಲಸಗಳೆಲ್ಲ ಆಕೆಯ ಪಾಲಿಗೆ ಬಂದವು. ಗಂಡಸರು ಹೊರಗೆ ಕಟ್ಟುವುದು, ಹೆಂಗಸರು ಒಳಗೆ ಅಲಂಕರಿಸುವುದು ಎಂಬ ಹಂಚಿಕೆ ಅಂದಿನದು. ಆಕೆ ಆ ಹಂಚಿಕೆಯನ್ನು ಜಗಳವಾಡಿ ಮುರಿಯಲಿಲ್ಲ. ತನಗೆ ಕೊಟ್ಟ ಒಳಾಂಗಣವನ್ನೇ ವಾಸ್ತುಶಿಲ್ಪದ ಗಾಂಭೀರ್ಯದಿಂದ ನಿರ್ವಹಿಸಿ, ಅದು ಅಲಂಕಾರವಲ್ಲವೆಂದು ಕೆಲಸದಿಂದಲೇ ಸ್ಥಾಪಿಸಿದರು. ನನಗೆ ಆಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಆದರ ಇರುವುದು ಇದರಿಂದಲೇ. ಅದೇ ಸಮಯದಲ್ಲಿ ಹಾನ್ಸರ ಪರಿಚಯವಾಗಿ, ಯುದ್ಧಸಚಿವರಾಗಿದ್ದ ಹೆನ್ರಿ ಸ್ಟಿಮ್ಸನ್ನರ ಕಚೇರಿಯ ಒಳಾಂಗಣವನ್ನು ಹಾನ್ಸರಿಗಾಗಿ ಮಾಡಿಕೊಟ್ಟರು. 1943ರಲ್ಲಿ ಕಂಪನಿಯನ್ನೇ ಸೇರಿದರು, 1946ರಲ್ಲಿ ವಿವಾಹವಾಯಿತು. ಹಾನ್ಸರಿಗೆ ಮಾರಾಟದ ಕಲೆ ಹುಟ್ಟಿನಿಂದಲೇ ಬಂದಿತ್ತು. ಯುದ್ಧಕಾಲದಲ್ಲಿ ಸಾಮಗ್ರಿಯ ಅಭಾವವಿದ್ದಾಗ, ಸೈನ್ಯಕ್ಕೆಂದು ತಯಾರಾಗಿ ಉಳಿದಿದ್ದ ಪಟ್ಟಿಗಳನ್ನು ಮರದ ಚೌಕಟ್ಟಿಗೆ ಹೆಣೆದು, ರಿಸೋಮ್ ಎಂಬ ಡೆನ್ಮಾರ್ಕಿನ ವಿನ್ಯಾಸಕಾರರು ರಚಿಸಿದ ಕುರ್ಚಿಯನ್ನು ಮಾರಿದವರು ಅವರು.

ಮಾವ: ನಮ್ಮಲ್ಲಿಯೂ ನೂಲಿನ ಪಟ್ಟಿ ಹೆಣೆದ ಮಂಚಗಳಿಗೆ ಒಂದು ಕಾಲವಿತ್ತು. ಸರಿ, ಮಾರುವವರು ಆತ, ಯೋಜಿಸುವವರು ಈಕೆ. ಅಂದ ಮೇಲೆ ನಾನು ಹೇಳಿದ ಕಷ್ಟ ಅವರಿಗೆ ಬರಲೇ ಇಲ್ಲ. ಕೆಲಸ ಹಂಚಿಹೋಗಿತ್ತಲ್ಲ?

ಸೊಸೆ: ಹಂಚಿಹೋಗಿತ್ತು, ಆದರೆ ಕ್ರಮವನ್ನು ನಿಶ್ಚಯಿಸಿದವರು ಆಕೆ. ಪ್ಲಾನಿಂಗ್ ಯೂನಿಟ್ ಎಂಬ ಚಿಕ್ಕದೊಂದು ತಂಡವನ್ನು ಕಂಪನಿಯೊಳಗೆ ಕಟ್ಟಿದರು. ಒಂದು ಕಚೇರಿಯ ಕೆಲಸ ಬಂದರೆ ಆ ತಂಡದವರು ಮೊಟ್ಟಮೊದಲು ಯಾವ ಕುರ್ಚಿಯನ್ನೂ ತೋರಿಸುತ್ತಿರಲಿಲ್ಲ. ಅಲ್ಲಿ ಕೆಲಸ ಮಾಡುವವರನ್ನು ಕಂಡು, ಇವರು ದಿನವೆಲ್ಲ ಏನು ಮಾಡುತ್ತಾರೆ, ಯಾವ ಕಾಗದಗಳನ್ನು ಎಲ್ಲಿ ಇಡುತ್ತಾರೆ, ಯಾರೊಡನೆ ಮಾತನಾಡಬೇಕಾಗುತ್ತದೆ ಎಂಬುದನ್ನೆಲ್ಲ ಕೇಳಿ ಬರೆದುಕೊಂಡು, ಅದರಿಂದ ಜಾಗದ ಹಂಚಿಕೆ, ಹಂಚಿಕೆಯಿಂದ ಬೆಳಕು ಬಣ್ಣಗಳು, ಕಟ್ಟಕಡೆಗೆ ಪೀಠೋಪಕರಣಗಳು ಎಂಬ ಕ್ರಮದಲ್ಲಿ ಮುಂದುವರಿಯುತ್ತಿದ್ದರು. ಹಾಗೆ ವಿಚಾರಿಸಿದ್ದರಿಂದ ಏನಾಯಿತೆಂಬುದಕ್ಕೆ ಒಂದು ದೃಷ್ಟಾಂತ ಕೊಡುತ್ತೇನೆ. ಆ ಕಾಲದ ದೊಡ್ಡ ಅಧಿಕಾರಿಗಳ ಕೋಣೆಯಲ್ಲಿ ಮೇಜನ್ನು ಮೂಲೆಯಲ್ಲಿ ಓರೆಯಾಗಿ ಇಡುವುದು ಪದ್ಧತಿ. ಭಾರಿಯಾದ ಖಾನೆಗಳುಳ್ಳ ಮರದ ಮೇಜು, ಹಿಂದೆ ಇನ್ನೊಂದು ಮೇಜು. ಅರ್ಧ ಕೋಣೆ ಅದಕ್ಕೇ ಸರಿ. ಆ ಅಧಿಕಾರಿಯು ವಾಸ್ತವವಾಗಿ ಮಾಡುತ್ತಿದ್ದುದು ಎದುರಿಗೆ ಕುಳಿತವರೊಡನೆ ಮಾತನಾಡುವುದನ್ನು ಎಂದು ಕಂಡ ಫ್ಲಾರೆನ್ಸ್, ಓರೆಯನ್ನು ತೆಗೆದು ಗೋಡೆಗೆ ಸಮಾನಾಂತರವಾಗಿ ನಿಲ್ಲಿಸಿ, ಖಾನೆಗಳನ್ನೆಲ್ಲ ಹಿಂದಿನ ತಗ್ಗಾದ ಬೀರುವಿಗೆ ಸಾಗಿಸಿ, ಮುಂದೆ ಬರಿಯ ಒಂದು ತೆಳುವಾದ ಮೇಜನ್ನು ಉಳಿಸಿದರು. ಸಭೆಗಳ ಉದ್ದ ಮೇಜನ್ನು ಮಧ್ಯದಲ್ಲಿ ಅಗಲವಾಗಿಯೂ ತುದಿಗಳಲ್ಲಿ ಕಿರಿದಾಗಿಯೂ ದೋಣಿಯ ಆಕಾರದಲ್ಲಿ ಮಾಡಿಸಿದರು. ಸಾಲಿನಲ್ಲಿ ಕುಳಿತವರಿಗೂ ಪರಸ್ಪರ ಮುಖ ಕಾಣಲೆಂದು.

ಮಾವ: ಆ ಮೇಜಿನ ವಿಚಾರ ನನಗೆ ಹಿಡಿಸಿತು. ಆದರೆ ನನ್ನ ಪ್ರಶ್ನೆಯಿಂದ ನೀನು ನುಣುಚಿಕೊಳ್ಳಬಾರದು. ಯೋಜನೆಯೆಲ್ಲ ಮುಗಿದ ಮೇಲೆ ಆ ಕೋಣೆಗಳಲ್ಲಿ ಬಂದು ಕುಳಿತ ಕುರ್ಚಿಗಳು ಯಾರ ಕಂಪನಿಯವು?

ಸೊಸೆ: ಬಹುಪಾಲು ಅವರ ಕಂಪನಿಯವೇ.

ಮಾವ: ಹಾಗೆ ಹೇಳು. ನಮ್ಮ ಊರಿನಲ್ಲಿ ಹಿಂದೆ ಇದ್ದ ಪಂಡಿತರು ನಾಡಿ ಹಿಡಿದು ನೋಡಿ, ಮದ್ದನ್ನೂ ತಾವೇ ಅರೆದು ಕೊಡುತ್ತಿದ್ದರು. ಅವರ ಮಾತನ್ನು ಜನ ನಂಬುತ್ತಿದ್ದುದು ಅವರು ಮದ್ದು ಮಾರುತ್ತಿರಲಿಲ್ಲವೆಂದಲ್ಲ. ಬೇಡವಾದಾಗ ಪಥ್ಯ ಮಾಡಿದರೆ ಸಾಕೆಂದು ಹೇಳಿ ಕಳುಹಿಸುವ ಧೈರ್ಯ ಅವರಿಗಿತ್ತೆಂದು. ನಿನ್ನ ಫ್ಲಾರೆನ್ಸರಿಗೆ ಆ ಧೈರ್ಯವಿತ್ತೇ?

ಸೊಸೆ: ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರೆಂದು ನನ್ನ ಅಭಿಪ್ರಾಯ. ಕೋಣೆಗೆ ಬೇಕಾದದ್ದು ತಮ್ಮ ಗೋದಾಮಿನಲ್ಲಿ ಇಲ್ಲದಿದ್ದರೆ, ಇದ್ದುದನ್ನೇ ಒಪ್ಪಿಸುವ ಬದಲು, ಇಲ್ಲದ್ದನ್ನು ಹೊಸದಾಗಿ ಮಾಡಿಸುತ್ತಿದ್ದರು. ಮೆತ್ತೆಯ ಬಟ್ಟೆಯ ವಿಚಾರವನ್ನೇ ನೋಡಿರಿ. ಅಂದು ಪೇಟೆಯಲ್ಲಿ ದೊರೆಯುತ್ತಿದ್ದುದೆಲ್ಲ ಹೂಬಳ್ಳಿಯ ಛೀಟು, ಜರಿಯ ಜರತಾರಿ. ಸರಳವಾದ ಆಸನಕ್ಕೆ ಅವು ಒಗ್ಗುತ್ತಿರಲಿಲ್ಲ. ಗಂಡಸರ ಸೂಟು ಹೊಲಿಯುವ ಉಣ್ಣೆಯ ಬಟ್ಟೆಯನ್ನು ತಂದು ಸೋಫಾಗಳಿಗೆ ಹೊದಿಸಿದರು. ಅದೂ ಸಾಲದೆ 1947ರಲ್ಲಿ ಬಟ್ಟೆಗಳ ವಿಭಾಗವನ್ನೇ ತೆರೆದರು. ಸ್ವತಃ ಆಕೆ ರಚಿಸಿದ ಸೋಫಾ, ಮೇಜು, ತಗ್ಗು ಬೀರುಗಳು ಎಲ್ಲವೂ ಹಾಗೆ ಹುಟ್ಟಿದವು: ಯಾವುದೋ ಒಂದು ಯೋಜನೆಯಲ್ಲಿ ಒಂದು ಸ್ಥಳ ಬರಿದಾಗಿದೆ, ಅದಕ್ಕೆ ಹೊಂದುವುದನ್ನು ಬೇರೆ ಯಾರೂ ಮಾಡುತ್ತಿಲ್ಲ, ಆದುದರಿಂದ ತಾವು ಮಾಡಿದರು. ಕಣ್ಣು ಸೆಳೆಯುವ ಕೃತಿಗಳನ್ನು ಇತರರಿಗೆ ಬಿಟ್ಟು, ಅವುಗಳ ನಡುವೆ ಸದ್ದಿಲ್ಲದೆ ನಿಲ್ಲುವ ವಸ್ತುಗಳನ್ನು ತಾವು ರಚಿಸಿದರು. ಸ್ವಂತ ಪ್ರತಿಷ್ಠೆಯ ಆಸೆಯಿದ್ದವರಿಗೆ ಅದು ಸಾಧ್ಯವಾಗುವ ಮಾತಲ್ಲ.

ಮಾವ: ಮಾಡಿಸಿದರು ಎಂದು ನೀನು ಸುಲಭವಾಗಿ ಹೇಳಿಬಿಡುತ್ತೀ. ಮಾಡುವವನ ಕಷ್ಟ ನನಗೆ ಗೊತ್ತು. ವಿನ್ಯಾಸಕಾರರು ಗೆರೆ ಎಳೆದುಕೊಂಡು ಬರುತ್ತಾರೆ. ಮರವು ಆ ಗೆರೆಯನ್ನು ಓದಿಲ್ಲ. ಹಸಿ ಹಲಗೆ ಒಣಗುವಾಗ ಉದ್ದದಲ್ಲಿ ಹೆಚ್ಚುಕಡಿಮೆ ಹಾಗೆಯೇ ಉಳಿದು ಅಗಲದಲ್ಲಿ ಕುಗ್ಗುತ್ತದೆ. ಆ ಕುಗ್ಗುವಿಕೆಯೂ ಸಮವಲ್ಲ, ವಾರ್ಷಿಕ ಉಂಗುರಗಳ ಜಾಡಿನಲ್ಲಿ ಆಗುವುದು ಅವಕ್ಕೆ ಅಡ್ಡವಾಗಿ ಆಗುವುದಕ್ಕಿಂತ ಸುಮಾರು ಇಮ್ಮಡಿ. ಆದುದರಿಂದಲೇ ಹಲಗೆ ಬಾಗುವುದು, ಸೀಳುವುದು. ತೇಗ ಕಡಿಮೆ ಕುಗ್ಗುತ್ತದೆ, ಅದಕ್ಕೇ ಅದರ ಮರ್ಯಾದೆ. ತೇವ ನೂರಕ್ಕೆ ಹನ್ನೆರಡರ ಹತ್ತಿರಕ್ಕೆ ಇಳಿಯುವ ಮುನ್ನ ನಾನು ಯಾವ ಹಲಗೆಯನ್ನೂ ಆಚಾರಿಗಳ ಕೈಗೆ ಕೊಟ್ಟವನಲ್ಲ. ಈಗ ನೀವು ತಂಪುಯಂತ್ರವಿಟ್ಟ ಕೋಣೆಗಳಿಗೆ ನಾಲ್ಕು ಅಡಿ ಅಗಲದ ಇಡೀ ಮರದ ಮೇಜನ್ನು ಕೇಳುತ್ತೀರಿ. ಮೇಲ್ಹಲಗೆಯನ್ನು ಚೌಕಟ್ಟಿಗೆ ಅಲುಗದಂತೆ ಬಿಗಿದರೆ ವರ್ಷದೊಳಗೆ ಬಿರುಕು ಬಿಡುತ್ತದೆ, ಸರಿದಾಡಲು ಎಡೆ ಬಿಟ್ಟು ಕೂರಿಸಬೇಕು ಎಂಬುದು ನಕ್ಷೆಯಲ್ಲಿ ಎಲ್ಲಿ ಬರೆದಿರುತ್ತದೆ?

ಸೊಸೆ: ಬರೆದಿರುವುದಿಲ್ಲ, ಅದನ್ನು ತಮ್ಮಿಂದಲೇ ಕಲಿತೆ. ವಿನ್ಯಾಸಕಾರಳು ಕಾರ್ಖಾನೆಯ ಮನೆತನಕ್ಕೆ ಸೇರಿದ್ದರಿಂದ ಆಗುವ ಮಹತ್ತಾದ ಲಾಭವೂ ಇದೇ. ಫ್ಲಾರೆನ್ಸ್ ತಮ್ಮ ಮಿತ್ರ ಏರೋ ಸಾರಿನೆನ್ನರನ್ನು, ಮೈಯನ್ನು ಮುದುಡಿಕೊಂಡು ಹೇಗೆ ಬೇಕಾದರೂ ಕೂರಬಹುದಾದ ಒಂದು ದೊಡ್ಡ ಕುರ್ಚಿ ಬೇಕೆಂದು ಕೇಳಿದರು. ಏರೋ ರಚಿಸಿದ ಆಕಾರವನ್ನು ಮರದಲ್ಲಿ ಮಾಡಲು ಬರುವಂತಿರಲಿಲ್ಲ. ಗಾಜಿನ ನಾರನ್ನು ರಾಳದಲ್ಲಿ ಅದ್ದಿ ದೋಣಿಯ ಒಡಲನ್ನು ಮಾಡುವ ಒಬ್ಬರು ನ್ಯೂಜೆರ್ಸಿಯಲ್ಲಿದ್ದರು. ಇಬ್ಬರೂ ಅವರಲ್ಲಿಗೆ ಹೋದರು. ಆ ಮನುಷ್ಯ ಮೊದಲು ಒಪ್ಪಲಿಲ್ಲವಂತೆ, ಬಿಡದೆ ಬೇಡಿಕೊಂಡು ಒಪ್ಪಿಸಿದರಂತೆ. 1948ರಲ್ಲಿ ಅದು ಪೇಟೆಗೆ ಬಂತು, ಇಂದಿಗೂ ತಯಾರಾಗುತ್ತಿದೆ. ಹ್ಯಾರಿ ಬೆರ್ಟೋಯಾ ಎಂಬ ಶಿಲ್ಪಿಗೆ ಪೆನ್ಸಿಲ್ವೇನಿಯಾದಲ್ಲಿ ಕೆಲಸ ಮಾಡಲು ಸ್ಥಳವನ್ನು ಕೊಟ್ಟು, ಮನಸ್ಸಿಗೆ ಬಂದುದನ್ನು ಮಾಡಿ, ಕುರ್ಚಿಯೇ ಆಗಬೇಕೆಂಬ ನಿರ್ಬಂಧವಿಲ್ಲವೆಂದು ಬಿಟ್ಟರು; ಆತ ಉಕ್ಕಿನ ತಂತಿಗಳನ್ನು ಬೆಸೆದು ಮಾಡಿದ ಕುರ್ಚಿಗಳು 1952ರಲ್ಲಿ ಹೊರಬಂದವು. ತಮ್ಮ ಗುರು ಮೀಸರು 1929ರಲ್ಲಿ ರಚಿಸಿದ್ದ ಬಾರ್ಸಿಲೋನಾ ಕುರ್ಚಿಯನ್ನು ತಯಾರಿಸುವ ಹಕ್ಕೂ 1953ರಲ್ಲಿ ಕಂಪನಿಗೆ ದೊರೆಯಿತು. ಇವರೆಲ್ಲರ ಹೆಸರಿನಲ್ಲಿಯೇ ಆ ಕುರ್ಚಿಗಳು ಮಾರಾಟವಾದವು, ಒಂದೊಂದಕ್ಕೂ ಗೌರವಧನ ರಚಿಸಿದವರಿಗೆ ಸಂದಿತು.

ಮಾವ: ಹೆಸರು ಹೇಳಿ ಮಾರುವುದೆಂದರೆ… ನಮ್ಮಲ್ಲಿ ಅದು ಇರಲಿಲ್ಲ, ಮಗು. ಮೈಸೂರಿನ ಅರಮನೆಯ ಬಾಗಿಲುಗಳಲ್ಲಿ ಬೀಟೆಯ ಮರಕ್ಕೆ ದಂತವನ್ನು ಕೆತ್ತಿ ಕೂರಿಸಿದವರ ಕೈಚಳಕವನ್ನು ದೇಶದೇಶಗಳವರು ಬಂದು ನೋಡುತ್ತಾರೆ. ಕೂರಿಸಿದವರು ಯಾರೆಂದು ಎಷ್ಟು ಜನ ಬಲ್ಲರು? ದಂತ ನಿಷಿದ್ಧವಾದ ಮೇಲೆ ಬಣ್ಣಬಣ್ಣದ ಬೇರೆ ಮರಗಳನ್ನೇ ತುಂಡು ಮಾಡಿ ಆ ಕುಸುರಿಯನ್ನು ಮುಂದುವರಿಸಿದವರೂ ಹೆಸರಿಲ್ಲದವರೇ. ಕಲೆಗೆ ಭೌಗೋಳಿಕ ಗುರುತಿನ ಮುದ್ರೆ ದೊರೆತಿದೆ, ಊರಿನ ಹೆಸರು ಉಳಿದಿದೆ. ಕೈಗಳ ಹೆಸರು ಉಳಿದಿಲ್ಲ. ನಮ್ಮ ಅಂಗಡಿಯಲ್ಲಿಯೂ ಫಲಕದ ಮೇಲೆ ಇರುವುದು ನಮ್ಮ ಮನೆತನದ ಹೆಸರೇ.

ಸೊಸೆ: ಅದನ್ನು ನಾನು ಇಂದು ಎತ್ತಬೇಕೆಂದಿರಲಿಲ್ಲ. ತಾವೇ ಎತ್ತಿದ್ದೀರಿ.

ಮಾವ: ಎತ್ತಿದ್ದೇನೆ, ಮರೆಯುವುದಿಲ್ಲ. ಆದರೆ ಇನ್ನೊಂದು ಆಕ್ಷೇಪವಿದೆ, ಅದು ದೊಡ್ಡದು. ಆಕೆಯ ಗಿರಾಕಿಗಳು ದೊಡ್ಡ ದೊಡ್ಡ ಕಂಪನಿಗಳು. ಅಂಥವರಿಗೆ ಯೋಜನೆ ಬೇಕು, ಅದಕ್ಕೆ ಹಣವೂ ಇದೆ. ನಮ್ಮಲ್ಲಿಗೆ ಬರುವವರು ಗೃಹಪ್ರವೇಶಕ್ಕೆ ಹದಿನೈದು ದಿನ ಇರುವಾಗ ಸೋಫಾ, ಮಂಚ, ಬೀರು ಎಂದು ಚೀಟಿ ಬರೆದುಕೊಂಡು ಬರುವ ಸಂಬಳದವರು. ಅವರಿಗೆ ನಿನ್ನ ಕ್ರಮ ಹೇಗೆ ಒಗ್ಗೀತು?

ಸೊಸೆ: ಅವರಿಗೇ ಹೆಚ್ಚಾಗಿ ಬೇಕು. ದೊಡ್ಡ ಕೋಣೆಯಲ್ಲಿ ಒಂದು ಮೇಜು ತಪ್ಪಿದರೆ ನಡೆದೀತು, ಒಂಬತ್ತು ಅಡಿಯ ಕೋಣೆಯಲ್ಲಿ ನಡೆಯದು. ಇದು ಪರದೇಶದ ವಿದ್ಯೆಯೆಂದೂ ತಾವು ಎಣಿಸಬಾರದು. ತಾವು ಹುಟ್ಟಿ ಬೆಳೆದ ತೊಟ್ಟಿಯ ಮನೆಯಲ್ಲಿ ಎಷ್ಟು ಪೀಠೋಪಕರಣಗಳಿದ್ದವು? ಕೂರುವುದಕ್ಕೆ ಜಗಲಿ, ದೀಪಕ್ಕೆ ಗೋಡೆಯ ಗೂಡು, ಸಾಮಾನಿಗೆ ಅಟ್ಟ, ಊಟಕ್ಕೆ ಮಣೆ; ಊಟವಾದ ಮೇಲೆ ಮಣೆಗಳನ್ನು ಗೋಡೆಗೆ ಒರಗಿಸಿದರೆ ಅದೇ ಪಡಸಾಲೆಯಲ್ಲಿ ರಾತ್ರಿ ಹತ್ತು ಜನ ಮಲಗುತ್ತಿದ್ದರು. ಮನೆಯ ಬಾಳನ್ನು ಮೊದಲು ಎಣಿಸಿ ಕಟ್ಟಿದ್ದರಿಂದ ವಸ್ತುಗಳ ಅವಶ್ಯಕತೆಯೇ ಅಲ್ಲಿ ಸ್ವಲ್ಪವಾಗಿತ್ತು. ಕಟ್ಟುವವರು ಈಗ ನಾಲ್ಕು ಗೋಡೆಗಳನ್ನು ಮಾತ್ರ ಕೊಡುತ್ತಾರೆ. ಜಗಲಿ, ಗೂಡು, ಅಟ್ಟಗಳು ಮಾಡುತ್ತಿದ್ದ ಕೆಲಸವೆಲ್ಲ ಅಂಗಡಿಯವರ ಮೇಲೆ ಬಿದ್ದಿದೆ. ಆ ಹೊಣೆಯನ್ನು ಅರಿಯದೆ ಸರಕನ್ನು ಮಾತ್ರ ಒಳಗೆ ತಳ್ಳಿದರೆ ಮನೆ ಗೋದಾಮಾಗುತ್ತದೆ.

ಮಾವ: ನನ್ನ ತಾಯಿಯವರು ಆ ಪಡಸಾಲೆಯಲ್ಲಿ ಒಂದು ಕುರ್ಚಿಯನ್ನು ಇಡಗೊಡುತ್ತಿರಲಿಲ್ಲ, ಓಡಾಡಲು ಅಡ್ಡಿಯೆಂದು. ಮನೆಯ ಯಜಮಾನ ಕುರ್ಚಿಯ ವ್ಯಾಪಾರಿ! ಸರಿ, ಆಕೆಯ ಕತೆಯನ್ನು ಮುಗಿಸು. ಮನೆತನದ ವ್ಯಾಪಾರ ಏನಾಯಿತು?

ಸೊಸೆ: 1955ರಲ್ಲಿ ಹಾನ್ಸರು ಕ್ಯೂಬಾದಲ್ಲಿ ಕಾರಿನ ಅಪಘಾತದಲ್ಲಿ ತೀರಿಕೊಂಡರು. ವಿಧವೆಯಾದ ಫ್ಲಾರೆನ್ಸ್ ಕಂಪನಿಯ ಅಧ್ಯಕ್ಷತೆಯನ್ನು ವಹಿಸಿಕೊಂಡರು. 1959ರಲ್ಲಿ ಕಂಪನಿಯನ್ನು ಬೇರೊಂದು ಸಂಸ್ಥೆಗೆ ಮಾರಿ, ಮರುವರ್ಷ ಅಧ್ಯಕ್ಷತೆಯನ್ನೂ ಬಿಟ್ಟು, ವಿನ್ಯಾಸದ ಮೇಲ್ವಿಚಾರಣೆಯನ್ನು ಮಾತ್ರ ಉಳಿಸಿಕೊಂಡರು. ಏರೋ 1961ರಲ್ಲಿ ಅಕಾಲ ಮರಣಕ್ಕೆ ತುತ್ತಾದಾಗ, ಆತ ನ್ಯೂಯಾರ್ಕಿನಲ್ಲಿ ರಚಿಸುತ್ತಿದ್ದ ಸಿ.ಬಿ.ಎಸ್. ಪ್ರಸಾರ ಸಂಸ್ಥೆಯ ಗಗನಚುಂಬಿ ಕಟ್ಟಡದ ಒಳಾಂಗಣದ ಹೊಣೆ ಈಕೆಯದಾಯಿತು. ಗೋಡೆಯ ಬಟ್ಟೆಯಿಂದ ಮೇಜಿನ ಮೇಲಿನ ಬೂದಿತಟ್ಟೆಯವರೆಗೆ ಆರಿಸಿ ಅದನ್ನು ಪೂರೈಸಿ, 1965ರಲ್ಲಿ, ತಮ್ಮ ನಲವತ್ತೆಂಟನೆಯ ವಯಸ್ಸಿನಲ್ಲಿ ನಿವೃತ್ತರಾದರು. ಆಮೇಲೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಾಳಿ, 2019ರ ಜನವರಿಯಲ್ಲಿ 101ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಕಂಪನಿ ಹಲವು ಕೈ ದಾಟಿ 2021ರಲ್ಲಿ ತನ್ನ ಹಳೆಯ ಪ್ರತಿಸ್ಪರ್ಧಿಯಾದ ಹರ್ಮನ್ ಮಿಲ್ಲರ್ ಕಂಪನಿಯಲ್ಲಿ ಸೇರಿಹೋಯಿತು.

ಮಾವ: ಅಂದರೆ ಮನೆತನ ಉಳಿಯಲಿಲ್ಲ.

ಸೊಸೆ: ಮನೆತನದ ಒಡೆತನ ಉಳಿಯಲಿಲ್ಲ. ಕೋಣೆಯನ್ನು ಮೊದಲು ವಿಚಾರಿಸುವ ಪದ್ಧತಿ ಉಳಿಯಿತು. ಆಕೆ ಬಿಟ್ಟುಹೋದ ಮೇಲೆ ಹುಟ್ಟಿದ ನಾನು, ಆಕೆಯ ಭಾಷೆಯನ್ನಾಡದ ದೇಶದಲ್ಲಿ, ಅದನ್ನು ಪಾಠವಾಗಿ ಕಲಿತೆ.

ಮಾವ: ನಿನಗೆ ಅದು ಸಮಾಧಾನ ಕೊಡಬಹುದು, ನನಗೆ ಪೂರ್ತಿಯಾಗಿ ಕೊಡದು. ನನ್ನ ಮುಂದೆ ಇರುವುದು ಈ ಅಂಗಡಿಯ ಹಿಂದಿನ ಕಾರ್ಖಾನೆ, ಅಲ್ಲಿ ಕೀಸುಳಿ ಹಿಡಿದಿರುವವರು, ಅವರ ಮಕ್ಕಳ ಶಾಲೆಯ ಶುಲ್ಕ. ಶನಿವಾರದ ಬಟವಾಡೆ ಎಂದೂ ತಪ್ಪಬಾರದು. ನಿನ್ನ ಪದ್ಧತಿಯಿಂದ ಮಾರಾಟ ಕಡಿಮೆಯಾದರೆ ಆ ಹಣ ಎಲ್ಲಿಂದ ಬರುತ್ತದೆ? ಈ ಪ್ರಶ್ನೆಗೆ ನಿನ್ನ ಫ್ಲಾರೆನ್ಸರಲ್ಲಿ ಉತ್ತರವಿಲ್ಲ. ಮಾರುವುದಕ್ಕೆ ಆಕೆಗೆ ಹಾನ್ಸ್ ಇದ್ದರು.

ಸೊಸೆ: ಅದನ್ನು ಯೋಚಿಸಿದ್ದೇನೆ. ಯೋಜನೆಗೆ ಪ್ರತ್ಯೇಕವಾಗಿ ಶುಲ್ಕವನ್ನು ಪಡೆಯಬೇಕು, ಪ್ರತ್ಯೇಕವಾದ ಬಿಲ್ಲಿನಲ್ಲಿ. ಮನೆಗೆ ಹೋಗಿ, ಟೇಪು ಹಿಡಿದು ಅಳೆದು, ಮನೆಯವರ ದಿನಚರಿಯನ್ನು ಕೇಳಿ, ನಕ್ಷೆಯನ್ನು ಬರೆದು ಅವರ ಕೈಗೆ ಕೊಟ್ಟುಬಿಡಬೇಕು. ಅದನ್ನು ಹಿಡಿದುಕೊಂಡು ಅವರು ಎಲ್ಲಿ ಬೇಕಾದರೂ ಕೊಳ್ಳಲಿ. ಆಗ ಬೇಡವೆಂದು ಹೇಳುವುದಕ್ಕೂ ನನಗೆ ಕೂಲಿ ದೊರೆತಂತಾಗುತ್ತದೆ, ನನ್ನ ಮಾತಿಗೆ ಆಮಿಷದ ಸೋಂಕು ತಗಲುವುದಿಲ್ಲ.

ಮಾವ: ನಮ್ಮಲ್ಲಿಯೇ ಕೊಂಡರೆ ಆ ಶುಲ್ಕವನ್ನು ಬೆಲೆಯಲ್ಲಿ ವಜಾ ಮಾಡಿಕೊಡಬಹುದಲ್ಲ? ಗಿರಾಕಿಗಳಿಗೂ ಸಂತೋಷವಾದೀತು.

ಸೊಸೆ: ವಜಾ ಮಾಡಿದ ಕ್ಷಣವೇ ಅದು ಪುನಃ ಮಾರಾಟದ ಉಪಾಯವಾಗುತ್ತದೆ. ಬೇಡವೆನ್ನುವ ಪ್ರತಿಯೊಂದು ಸಲವೂ ನಾನು ಅಂಗಡಿಗೆ ನಷ್ಟ ಮಾಡುತ್ತಿದ್ದೇನೆಂಬ ಭಾವನೆ ನನಗೇ ಬಂದೀತು.

ಮಾವ: ಇದನ್ನು ನಾನು ಇನ್ನೂ ಒಪ್ಪಿಲ್ಲ. ಶುಲ್ಕ ಇರಲಿ, ಅದಕ್ಕೆ ಒಪ್ಪಿಗೆ. ವಜಾದ ಮಾತನ್ನು ಸೋಮವಾರ ಆಚಾರಿಗಳನ್ನೂ ಕೂರಿಸಿಕೊಂಡು ಆಡೋಣ. ಹೆಸರಿನ ವಿಚಾರವನ್ನೂ ಅಂದೇ ಅವರ ಎದುರಿಗೆ ಎತ್ತುತ್ತೇನೆ. ಮೇಜಿನ ಕೆಳಗೆ, ಕಣ್ಣಿಗೆ ಬೀಳದ ಕಡೆ ಕೊರೆಯಬೇಕೋ, ಬಿಲ್ಲಿನಲ್ಲಿ ಬರೆಯಬೇಕೋ, ಅದನ್ನು ಅವರೇ ಹೇಳಲಿ.